ದ್ಯುತಿಭೀತಿಯಲ್ಲ, ಬೆಳಕುಬೇನೆ

ಬೆಳಕು ಸರ್ವರಿಗೂ ಹಿತವೆಂಬುದು ಲೋಕರೂಢಿ. ಅರಿವನ್ನು ಬೆಳಕಿಗೂ ಮರೆವನ್ನು ಕತ್ತಲೆಗೂ ಹೋಲಿಸಿದ ಶರಣರ ನಾಡಿದು. ಆದುದರಿಂದಲೇ, ಕಬಡ್ಡಿಯಾಟದಲ್ಲಿ ತಲೆಗೆ ಪೆಟ್ಟುಬಿದ್ದು ವಾರಗಳು ಕಳೆದ ವಿದ್ಯಾರ್ಥಿಯೊಬ್ಬನು ಕಿಟಕಿಗೆ ಬೆನ್ನು ತಿರುಗಿಸಿ, ಕಣ್ಣಿಗೆ ಕೈ ಅಡ್ಡವಿಟ್ಟು ಕುಳಿತರೆ ಅವನನ್ನು ಮೈಗಳ್ಳನೆಂದು ಬಗೆಯುವುದು ಸುಲಭ. ಹೊರಗೆ ಗಾಯವಿಲ್ಲ, ಸಿ.ಟಿ. ಚಿತ್ರದಲ್ಲಿ ದೋಷವಿಲ್ಲ. ಆದರೂ ಟ್ಯೂಬ್‌ಲೈಟಿನ ಬೆಳಕು ಅವನ ತಲೆಯೊಳಗೆ ಸೂಜಿಯಂತೆ ಚುಚ್ಚುತ್ತದೆ.

ಇದಕ್ಕೆ ವೈದ್ಯರು ಇಟ್ಟ ಹೆಸರು ಫೋಟೋಫೋಬಿಯಾ. ಗ್ರೀಕ್ ಮೂಲದ ಈ ಸಮಾಸವನ್ನು ಪದಶಃ ತಂದರೆ 'ದ್ಯುತಿಭೀತಿ' ಎಂದಾಗುತ್ತದೆ. ಅನರ್ಥದ ಬೀಜ ಇಲ್ಲಿಯೇ ಇದೆ. ಭೀತಿಯೆಂದೊಡನೆ, ಧೈರ್ಯ ಹೇಳಿದರೆ ಹೋದೀತೆಂದು ಕೇಳಿದವರು ಭಾವಿಸುತ್ತಾರೆ. ನೋವನ್ನು ಹಾಗೆ ಗದರಿಸಿ ಅಟ್ಟಲಾಗದು. 'ಬೆಳಕುಬೇನೆ' ಎನ್ನುವುದೇ ಯುಕ್ತ. ಬೇನೆಯೆಂಬುದು ವೇದನೆಯ ತದ್ಭವವಾದುದರಿಂದ ಅರಿಸಮಾಸದ ಶಂಕೆಗೂ ಎಡೆಯಿಲ್ಲ.

ಈ ಬೇನೆಗೆ ದೇಹದಲ್ಲಿಯೇ ಆಧಾರವುಂಟು. ಅಕ್ಷಿಪಟದ ಕೆಲವು ನರಕೋಶಗಳಲ್ಲಿ ಮೆಲನಾಪ್ಸಿನ್ ಎಂಬ ವರ್ಣದ್ರವ್ಯವಿದ್ದು, ಅವು ಸುಮಾರು 480 ನ್ಯಾನೋಮೀಟರಿನ ನೀಲಿ ಬೆಳಕಿಗೆ ಹೆಚ್ಚಾಗಿ ಮಿಡಿಯುತ್ತವೆ. ಆಕಾರಗಳನ್ನು ಕಾಣಲಾರದಿದ್ದರೂ ಬೆಳಕನ್ನು ಅರಿಯಬಲ್ಲ ಅಂಧರಲ್ಲಿ ಸಹ ಬೆಳಕಿನಿಂದ ಅರೆತಲೆನೋವು ಉಲ್ಬಣಿಸುವುದನ್ನು 2010ರಲ್ಲಿ ಬಾಸ್ಟನ್ನಿನ ಸಂಶೋಧಕರು ಪ್ರಕಟಿಸಿದರು. ಅಕ್ಷಿಪಟದ ಸಂದೇಶವೂ ತಲೆನೋವಿನ ಸಂದೇಶವೂ ಮಿದುಳಿನ ಥಲಾಮಸ್ ಭಾಗದ ಅವೇ ಕೋಶಗಳಲ್ಲಿ ಕೂಡುವುದನ್ನು ಇಲಿಗಳಲ್ಲಿ ತೋರಿಸಿದವರೂ ಅವರೇ. ಪೆಟ್ಟಿನಿಂದಾದ ಬೆಳಕುಬೇನೆಗೂ ಇದೇ ಹಾದಿಯಲ್ಲಿ ಕಾರಣವನ್ನು ಅರಸಲಾಗುತ್ತಿದೆ.

ಈಗ ಇದಕ್ಕೆ ನ್ಯೂರೋಫೀಡ್‌ಬ್ಯಾಕ್ ಎಂಬ ಚಿಕಿತ್ಸೆಯ ಹೆಸರು ಕೇಳಿಬರುತ್ತಿದೆ. ಮಾನವನ ಮಿದುಳಿನ ವಿದ್ಯುತ್ತರಂಗಗಳನ್ನು ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮೊದಲು ದಾಖಲಿಸಿದನು. 1960ರ ದಶಕದಲ್ಲಿ ಅಮೆರಿಕೆಯ ಬ್ಯಾರಿ ಸ್ಟರ್ಮನ್, ತಿನಿಸಿನ ಆಸೆ ತೋರಿ ಬೆಕ್ಕುಗಳಿಗೆ ಒಂದು ಬಗೆಯ ತರಂಗವನ್ನು ಹೆಚ್ಚಿಸಿಕೊಳ್ಳಲು ಕಲಿಸಿದನು. ಇಂದು ರೋಗಿಯ ನೆತ್ತಿಗೆ ವಿದ್ಯುದ್ವಾರಗಳನ್ನು ಅಂಟಿಸಿ, ಅವನ ತರಂಗಗಳನ್ನೇ ಪರದೆಯ ಮೇಲೆ ಅವನಿಗೆ ತೋರಿಸಿ ತಿದ್ದಿಕೊಳ್ಳಲು ಅಭ್ಯಾಸ ಮಾಡಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ತಲೆಪೆಟ್ಟಿನ ರೋಗಿಗಳಲ್ಲಿ ಇದರ ಅಧ್ಯಯನ ನಡೆದಿದೆ.

ಕೆಲವರು ಇದನ್ನು ಇಷ್ಟಲಿಂಗದ ಅನಿಮಿಷ ನಿರೀಕ್ಷಣೆಗೆ ಹೋಲಿಸಲು ಮುಂದಾಗಬಹುದು. ಅದು ಸಲ್ಲದು. ಶಿವಯೋಗದ ಗುರಿ ಬೇರೆ, ತರಂಗದ ಅಳತೆ ಬೇರೆ.

ಚಿಕಿತ್ಸೆಯ ಮೂಲಕಲ್ಪನೆ ಸೊಗಸಾದುದೇ. ಆದರೆ ನಿಜತರಬೇತಿ ಪಡೆದವರನ್ನು ಹುಸಿತರಬೇತಿ ಪಡೆದವರೊಡನೆ ತೂಗಿದಾಗ ಫಲಿತಾಂಶ ಬೇರೆಯಾಗಿದೆ. ನಿದ್ರಾಹೀನತೆಯ ಬಗೆಗೆ 2017ರಲ್ಲಿ, ಮಕ್ಕಳ ಗಮನದೋಷದ ಬಗೆಗೆ 2021ರಲ್ಲಿ ಪ್ರಕಟವಾದ ಪರೀಕ್ಷೆಗಳಲ್ಲಿ ಎರಡೂ ಗುಂಪಿನವರು ಹೆಚ್ಚುಕಡಿಮೆ ಸಮನಾಗಿಯೇ ಚೇತರಿಸಿಕೊಂಡರು. ಬೆಳಕುಬೇನೆಯ ವಿಷಯದಲ್ಲಂತೂ ದೃಢವಾದ ಪ್ರಮಾಣ ಇನ್ನೂ ಒದಗಿಲ್ಲ. ಹೀಗಿರುವಾಗ, ಇದೇ ಮದ್ದೆಂಬ ಭರವಸೆಯನ್ನು ನಂಬಿ ಬಡ ತಂದೆತಾಯಿಗಳು ಸಾಲ ಮಾಡುವುದು ತರವಲ್ಲ.

ಅಗ್ಗದ ಉಪಚಾರಗಳು ಮೊದಲು ನಡೆಯಲಿ. 2022ರ ಆಮ್ಸ್ಟರ್‌ಡ್ಯಾಮ್ ತಜ್ಞರ ಸಮ್ಮೇಳನದ ನಿರ್ಣಯದಂತೆ ಮೊದಲ ಒಂದೆರಡು ದಿನಗಳ ಮಿತವಿಶ್ರಾಂತಿ ಸಾಕು. ಅನಂತರ ಮೆಲ್ಲಮೆಲ್ಲನೆ ಚಟುವಟಿಕೆಗೆ ಮರಳಬೇಕು. ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಕೂಡಿಹಾಕುವುದಾಗಲಿ, ಮನೆಯೊಳಗೂ ಕಪ್ಪು ಕನ್ನಡಕ ತೊಡಿಸುವುದಾಗಲಿ ಕಣ್ಣನ್ನು ಇನ್ನಷ್ಟು ನಾಜೂಕಾಗಿಸುತ್ತದೆ. ತಲೆನೋವು ಏರುತ್ತಿದ್ದರೆ, ವಾಂತಿ, ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಉಳಿದಂತೆ ಶಾಲೆಯು ಮಾಡಬೇಕಾದುದು ಅಲ್ಪ: ಅವನ ಆಸನವನ್ನು ಕಿಟಕಿಯಿಂದ ದೂರ ಸರಿಸುವುದು, ನಡುನಡುವೆ ಕಣ್ಣುಮುಚ್ಚಿ ಕುಳಿತಿರಲು ಬಿಡುವುದು. ಬೆಳಗಿನ ಪ್ರಾರ್ಥನೆಯಲ್ಲಿ ಅವನೊಬ್ಬನೇ ಟೋಪಿ ಧರಿಸಿ ಬಿಸಿಲಿಗೆ ನಿಂತರೆ, ಅದನ್ನು ಶಿಸ್ತಿನ ಭಂಗವೆಂದು ಎಣಿಸಬೇಕಾಗಿಲ್ಲ.