ಲಿಸ್ಟಿನಲ್ಲಿ ಹೆಸರು ಇದೆಯೋ ಇಲ್ಲವೋ

ಬಳ್ಳಾರಿ ಜಿಲ್ಲೆಯ ಕೊಳಗಲ್ಲಿನಿಂದ ಕುಡತಿನಿ, ತೋರಣಗಲ್ಲು ಕಡೆಗೆ ಪಾಳಿ ಕೆಲಸಕ್ಕೆ ಹೋಗುವ ಹುಡುಗರನ್ನು ಟೆಂಡರ್ ಮುಗಿಯುವ ತಿಂಗಳಲ್ಲಿ ಮಾತಾಡಿಸಿ ನೋಡಿ. ಕುಲುಮೆಯ ಬಿಸಿ, ಹಾರುಬೂದಿ, ರಾತ್ರಿ ಪಾಳಿ ಎಲ್ಲ ಅವರಿಗೆ ರೂಢಿ. ನಿದ್ದೆ ಕೆಡಿಸುವುದು ಗೇಟ್ ಪಾಸ್. ಹಳೇ ಕಾಂಟ್ರಾಕ್ಟರ್ ಹೋಗಿ ಹೊಸಬ ಬಂದರೆ ಪಾಸ್ ರಿನ್ಯೂ ಆಗಬಹುದು, ಆಗದೆಯೂ ಇರಬಹುದು. “ಅಣ್ಣಾ, ಹೊಸ ಲಿಸ್ಟ್‌ನಾಗ ನನ್ನ ಹೆಸರು ಐತೇನು?” ಎಂದರೆ ಸೂಪರ್‌ವೈಸರ್ “ನೋಡಾಣ ತಡಿಯಪ್ಪ” ಎನ್ನುತ್ತಾನೆ. ಪಾಪ, ಅವನಿಗೂ ಗೊತ್ತಿರುವುದಿಲ್ಲ. ಅವನ ಹೆಸರೂ ಅದೇ ಲಿಸ್ಟಿನಲ್ಲಿ ಬರಬೇಕು.

ನೌಕರರ ಒತ್ತಡ ಇಳಿಸಲು ಮನೋಬಲ ಬೆಳೆಸಬೇಕು ಎನ್ನುವ ಮಾತು ಈಗ ಎಲ್ಲ ಕಂಪನಿಗಳಲ್ಲೂ ಕೇಳಿಬರುತ್ತದೆ. ಅಮೆರಿಕದ ಮ್ಯಾನೇಜ್‌ಮೆಂಟ್ ಪ್ರಾಧ್ಯಾಪಕ ಫ್ರೆಡ್ ಲುಥಾನ್ಸ್ ಇದನ್ನು ‘ಮಾನಸಿಕ ಬಂಡವಾಳ’ ಎಂದು ಕರೆದರು. ಭರವಸೆ, ಆತ್ಮವಿಶ್ವಾಸ, ಬಿದ್ದರೆ ಏಳುವ ಗಟ್ಟಿತನ, ಆಶಾವಾದ, ಈ ನಾಲ್ಕೂ ಕಲಿಸಿದರೆ ಬರುತ್ತವೆ ಎಂಬುದು ಅವರ ವಾದ. ಬರುತ್ತವೆ, ಒಪ್ಪೋಣ. ಆದರೆ ಬಂಡವಾಳ ಹೂಡುವವರು ಯಾರು? ಶಿಬಿರದಲ್ಲಿ ಅರ್ಧ ದಿನ ಕೂರಿಸಿ ಉಸಿರಾಟ ಹೇಳಿಕೊಟ್ಟು, ಸಂಜೆ ಮತ್ತೆ “ನೋಡಾಣ ತಡಿಯಪ್ಪ” ಎಂದರೆ ಹೂಡಿದ್ದೆಲ್ಲ ಕೆಲಸಗಾರನದೇ ಆಯಿತು.

ಬಳ್ಳಾರಿಗೆ ಈ ಭಯ ಹೊಸದಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಅಕ್ರಮದ ಪ್ರಮಾಣ ನೋಡಿದರೆ ಆ ಆದೇಶ ಬೇಕೇ ಬೇಕಿತ್ತು. ಆದರೆ ಸಾಲ ಮಾಡಿ ಲಾರಿ ಕೊಂಡವನಿಗೆ, ಕ್ಲೀನರ್‌ಗೆ, ಪಂಕ್ಚರ್ ಅಂಗಡಿಯವನಿಗೆ, ವೇ ಬ್ರಿಡ್ಜ್ ಹುಡುಗನಿಗೆ ನಾಳೆ ಏನು ಎಂದು ಹೇಳುವವರು ಯಾರೂ ಇರಲಿಲ್ಲ. ಅದಕ್ಕೂ ಮೊದಲು, 2010ರ ಸುಮಾರಿಗೆ, ಉಕ್ಕಿನ ಕಾರ್ಖಾನೆಗಳ ಹೆಸರಿನಲ್ಲಿ ಕುಡತಿನಿ, ಹರಗಿನಡೋಣಿ, ಕೊಳಗಲ್ಲು ಸುತ್ತಿನ ಜಮೀನು ಹೋಗಿತ್ತು. ಕಾರ್ಖಾನೆ ಏಳಲಿಲ್ಲ. 2022ರ ಡಿಸೆಂಬರ್‌ನಲ್ಲಿ ಜಮೀನು ಕಳೆದುಕೊಂಡವರು ಕುಡತಿನಿಯಲ್ಲಿ ಧರಣಿ ಕೂತರು. ಕೆಲಸ ಹೋದೀತೆಂಬ ಭಯ ಒಂದು ಬಗೆ. ಹೊಲ ಕೊಟ್ಟು, ಬಾರದ ಕೆಲಸಕ್ಕೆ ವರ್ಷಗಟ್ಟಲೆ ಕಾಯುವುದು ಇನ್ನೊಂದು ಬಗೆ. ಅಂಥವರಿಗೆ ಆಶಾವಾದದ ಪಾಠ ಹೇಳಲು ನನಗಂತೂ ಬಾಯಿ ಬರುವುದಿಲ್ಲ.

ಹಾಗೆಂದು ಮನಸ್ಸಿನ ಆರೈಕೆಯೇ ಬೇಡ ಎನ್ನುತ್ತಿಲ್ಲ. ಅದರ ದಾರಿ ದೇಶಕ್ಕೆ ತೋರಿಸಿದ್ದೇ ಈ ಜಿಲ್ಲೆ. 1980ರ ದಶಕದ ಮಧ್ಯದಲ್ಲಿ ನಿಮ್ಹಾನ್ಸ್ ತಜ್ಞರು ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಮಾನಸಿಕ ಕಾಯಿಲೆಯ ಮಾತ್ರೆ ಹಳ್ಳಿ ಆಸ್ಪತ್ರೆಯಲ್ಲೇ ಸಿಗುವಂತಾಯಿತು. ಆ ‘ಬಳ್ಳಾರಿ ಮಾದರಿ’ಯೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿ. ರೋಗಿ ಬೆಂಗಳೂರಿಗೆ ಅಲೆಯುವುದು ಬೇಡ, ಸೇವೆಯೇ ಅವನಿದ್ದಲ್ಲಿಗೆ ಬರಲಿ ಎಂಬುದು ಅದರ ತಿರುಳು. ಊರಿನವರೆಗೆ ಬಂದ ಆ ಸೇವೆ ಕಾರ್ಖಾನೆ ಗೇಟಿನವರೆಗೂ, ತುಂಡಿಗಿಷ್ಟು ಎಂದು ಜೀನ್ಸ್ ಪ್ಯಾಂಟಿನ ದಾರ ಕತ್ತರಿಸುತ್ತ ಕೂರುವ ಹೆಂಗಸರವರೆಗೂ ಬರಬೇಕು. ರಜೆ ಹಾಕಿದರೆ ಕೂಲಿ ಹೋಗುವವರು ಹಗಲು ಹೊತ್ತು ಆಸ್ಪತ್ರೆಗೆ ಹೋಗಲಾರರು.

ಇನ್ನು ಆತ್ಮವಿಶ್ವಾಸದ ವಿಚಾರ. ಹತ್ತು ವರ್ಷ ಕ್ರೇನ್ ನಡೆಸಿದವನ ಕೈಯಲ್ಲಿ ಒಂದು ಅನುಭವ ಪತ್ರವಿಲ್ಲ, ಪ್ರತಿ ಕಾಂಟ್ರಾಕ್ಟರ್ ಬಂದಾಗಲೂ ಅವನು ಹೊಸಬ. ಆ ಕಾಗದ ಕೊಟ್ಟರೆ ಈ ಗೇಟು ಮುಚ್ಚಿದರೂ ಇನ್ನೊಂದು ಗೇಟಿನಲ್ಲಿ ತಲೆಯೆತ್ತಿ ಕೆಲಸ ಕೇಳಬಲ್ಲ. ಇದಕ್ಕೆ ಶಿಬಿರ ಬೇಡ, ಸಹಿ ಮತ್ತು ಸೀಲು ಸಾಕು. ಕೆಟ್ಟ ಸುದ್ದಿಯನ್ನೂ ಮೊದಲೇ ಹೇಳಿಬಿಡಬೇಕು. ಎರಡು ತಿಂಗಳು ಮುಂಚೆ ಗೊತ್ತಾದರೆ ಮನುಷ್ಯ ಚೀಟಿ ಎತ್ತುತ್ತಾನೆ, ಮಗಳ ಫೀಸಿಗೆ ದಾರಿ ಹುಡುಕುತ್ತಾನೆ, ನಾಲ್ಕು ಕಡೆ ಕೆಲಸ ವಿಚಾರಿಸುತ್ತಾನೆ.

ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಕಾಂಟ್ರಾಕ್ಟರುಗಳು ತಮ್ಮ ಆಫೀಸಿನ ಗೋಡೆಗೆ ಈ ನಂಬರ್ ಬರೆಸಲಿ. ಪಕ್ಕದಲ್ಲೇ ಟೆಂಡರ್ ಮುಗಿಯುವ ತಾರೀಖನ್ನೂ ಬರೆಸಲಿ.