ಹೆಸರು ಹಾಕಬೇಡಿ ಎನ್ನುವ ಕವಿಗಳಿಗೆ

ಸವಣೂರು, ಪುತ್ತೂರು, ಸುಳ್ಯ, ಕಡಬ ಕಡೆಯ ಹಾಸ್ಟೆಲುಗಳಿಂದ ನಮಗೆ ಕವನಗಳು ಬರ್ತವೆ. ನೋಟ್ ಪುಸ್ತಕದ ಹಾಳೆ ಹರಿದು ಬರೆದವು. ಕೆಲವು ಒಳ್ಳೇದೂ ಉಂಟು. ಆದರೆ ಕೆಳಗೆ ಒಂದು ಸಾಲು ಇರುತ್ತದೆ: ನನ್ನ ಹೆಸರು ಹಾಕಬೇಡಿ. ಯಾಕೆ ಅಂತ ನಾವು ಕೇಳಬೇಕಾಗಿಲ್ಲ. ಹೆಸರು ಬಂದರೆ ಕಾಲನಿ ಗೊತ್ತಾಗುತ್ತದೆ, ಕಾಲನಿ ಗೊತ್ತಾದರೆ ಜಾತಿ. ಮರುದಿನ ಕ್ಲಾಸಿನಲ್ಲಿ ಪಕ್ಕ ಕೂತವನ ಮುಖವೇ ಬೇರೆ.

ಈ ಹೆದರಿಕೆಯನ್ನು ನಾವು ಹಾಸ್ಯ ಮಾಡುವವರಲ್ಲ. ಆದರೆ ಗೆಳೆಯರೇ, 1975ರಲ್ಲಿ 21ರ ಒಬ್ಬ ಹುಡುಗ ಏನು ಮಾಡಿದ ನೋಡಿ. ಊರಿನವರು ಬೈಗುಳದಂತೆ ಉಗುಳುತ್ತಿದ್ದ ಎರಡು ಜಾತಿಗಳ ಹೆಸರನ್ನು ತನ್ನ ಪುಸ್ತಕದ ರಟ್ಟಿನ ಮೇಲೇ ಅಚ್ಚು ಹಾಕಿಸಿದ. 'ಹೊಲೆಮಾದಿಗರ ಹಾಡು'.

ಮಾಗಡಿ ತಾಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಸಿದ್ಧಲಿಂಗಯ್ಯ ಹಾಸ್ಟೆಲಿನ ಅನ್ನ ಉಂಡೇ ಓದಿದವರು. ಎತ್ತಿನ ಬದಲು ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟು ಉಳುತ್ತಿದ್ದುದನ್ನು, ಅವರಲ್ಲೊಬ್ಬ ತನ್ನ ಅಪ್ಪನೇ ಆಗಿದ್ದುದನ್ನು 'ಊರುಕೇರಿ'ಯಲ್ಲಿ ಬರೆದಿದ್ದಾರೆ. ಅದೇ ಪುಸ್ತಕ ಓದುತ್ತಾ ಹೊಟ್ಟೆ ಹಿಡಿದು ನಗುತ್ತೇವೆ! ನಮ್ಮ ಕವನಗಳಲ್ಲಿ ಬರೀ ಕಣ್ಣೀರೇ ಹರಿಯುತ್ತಿರುವಾಗ ಈ ನಗುವನ್ನೂ ನೆನಪಿಡಬೇಕು.

1973ರಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದರು. ಆ ಒಂದು ಮಾತಿಗೆ ಅವರ ಮಂತ್ರಿಗಿರಿ ಹೋಯಿತು, ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು. ಎರಡೇ ವರ್ಷಕ್ಕೆ ಸಿದ್ಧಲಿಂಗಯ್ಯನವರ ಪುಸ್ತಕ ಬಂತು. ಸಾಹಿತ್ಯದ ಯಜಮಾನರಿಗೆ ಅದಕ್ಕಿಂತ ಒಳ್ಳೆಯ ಉತ್ತರ ಯಾವ ಭಾಷಣದಲ್ಲೂ ಇರಲಿಲ್ಲ. ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ ಆ ಹಾಡುಗಳನ್ನು ಓದು ಬಾರದ ಕೂಲಿಯವರೂ ಬಾಯಿಪಾಠ ಹಾಡಿದರು.

1988ರಲ್ಲಿ ಅವರು ವಿಧಾನ ಪರಿಷತ್ತಿಗೆ ಹೋದದ್ದನ್ನು ಕವಿ ತಣ್ಣಗಾದ ಎನ್ನುವವರು ಉಂಟು. ಆ ವಾದ ಇರಲಿ. 2021ರ ಜೂನಿನಲ್ಲಿ ಕೊರೋನಾ ಅವರನ್ನು ಒಯ್ದಿತು, ಹಾಡು ನಿಲ್ಲಲಿಲ್ಲ.

ಅದೇ ವರ್ಷ ಜನವರಿ 20ರಂದು ಅಮೆರಿಕದ ಹೊಸ ಅಧ್ಯಕ್ಷರ ಪ್ರಮಾಣ ವಚನದಲ್ಲಿ 22ರ ಕಪ್ಪು ಹುಡುಗಿ ಅಮಾಂಡಾ ಗೋರ್ಮನ್ ಕವಿತೆ ಓದಿದಳು. ಚಿಕ್ಕಂದಿನಲ್ಲಿ ಆಕೆಗೆ 'ರ' ಅಕ್ಷರ ಸರಿಯಾಗಿ ಹೊರಡುತ್ತಿರಲಿಲ್ಲ. ನಮ್ಮ ತುಳು ಬೆರೆತ ಕನ್ನಡ ಕೇಳಿ ನಗುವವರ ಎದುರು ಬಾಯಿ ಮುಚ್ಚಿ ಕೂರುವ ಹುಡುಗಿಯರು ಇದನ್ನು ಗಮನಿಸಬೇಕು. ಕಪ್ಪು ಜನರ ಜೊತೆ ನಮ್ಮ ನಂಟು ಹೊಸದೂ ಅಲ್ಲ. 1946ರಲ್ಲೇ ಬಾಬಾಸಾಹೇಬರು ಡು ಬಾಯ್ಸ್ ಅವರಿಗೆ ಪತ್ರ ಬರೆದಿದ್ದರು. 1972ರಲ್ಲಿ ಬೊಂಬಾಯಿಯ ನಾಮದೇವ ಢಸಾಳ ಮತ್ತು ಗೆಳೆಯರು ತಮ್ಮ ಸಂಘಟನೆಗೆ ಪ್ಯಾಂಥರ್ ಎಂಬ ಹೆಸರು ತಂದದ್ದು ಅಮೆರಿಕದ ಕಪ್ಪು ಹುಡುಗರಿಂದಲೇ. ಢಸಾಳರೂ ಕವಿ, ಆಗ 23ರ ಪ್ರಾಯ.

ಕವನ ಬರೆದರೆ ಡಿಸಿ ಮನ್ನಾ ಜಾಗ ಸಿಗುತ್ತದಾ ಮಾರಾಯ್ರೆ, ಅಂತ ನಮ್ಮವರೇ ಕೇಳ್ತಾರೆ. ಸಿಗುವುದಿಲ್ಲ. ಜಾಗಕ್ಕೆ ಅರ್ಜಿ ಬೇಕು, ಜಾಥಾ ಬೇಕು, ತಾಲೂಕು ಕಚೇರಿಯ ಎದುರು ದಿನಗಟ್ಟಲೆ ಕೂರಬೇಕು. ಆದರೆ ಹೆಸರು ಹೇಳಲು ಹೆದರುವವನು ಅರ್ಜಿಗೆ ಸಹಿ ಹಾಕುವುದು ಹೇಗೆ?

ನಮ್ಮಲ್ಲಿ ಕವಿತೆ ಇಲ್ಲವೆಂದವರು ಯಾರು? ನೇಜಿ ನೆಡುವಾಗ ನಮ್ಮ ಅಜ್ಜಿಯಂದಿರು ಹೇಳುತ್ತಿದ್ದ ಪದಕ್ಕೆ ತುಳುವಿನಲ್ಲಿ 'ಕಬಿತ' ಅಂತಲೇ ಹೆಸರು. ಸೊಂಟ ಬಗ್ಗಿಸಿ, ಕೆಸರಲ್ಲಿ ನಿಂತು, ಬೇರೆಯವರ ಗದ್ದೆಯಲ್ಲಿ ಹೇಳಿದ ಕಬಿತ. ಗದ್ದೆಗಳು ಅಡಿಕೆ, ರಬ್ಬರ್ ತೋಟವಾದ ಮೇಲೆ ಅದೂ ಹೋಗುತ್ತಾ ಇದೆ. ಕೊರಗರನ್ನು ಹೀನಾಯವಾಗಿ ದುಡಿಸಿಕೊಂಡ ಅಜಲು ಪದ್ಧತಿಯನ್ನು 2000ದ ಕಾನೂನು ನಿಷೇಧಿಸಿತು. ಅವರ ಡೋಲಿಗೆ ಅವರದೇ ಮಕ್ಕಳು ಹೊಸ ಪದ ಕಟ್ಟುವುದು ಇನ್ನು ಯಾವಾಗ?

ರಜೆಗೆ ಮನೆಗೆ ಹೋದಾಗ ಅಜ್ಜಿಯ ಹತ್ತಿರ ಕೂತು ಕಬಿತ ಬರೆದುಕೊಂಡು ಬನ್ನಿ. ನಿಮ್ಮದನ್ನೂ ಕಳಿಸಿ. ತುಳುವಿನಲ್ಲಿದ್ದರೆ ಕನ್ನಡ ಲಿಪಿಯಲ್ಲಿ ಬರೆಯಿರಿ, ಕಾಗುಣಿತ ನಾವು ನೋಡಿಕೊಳ್ತೇವೆ. ಹೆಸರು ಬೇಡವೆಂದರೆ ಈ ಸಲವೂ ಹಾಕುವುದಿಲ್ಲ, ಕವನದ ಕೆಳಗೆ ಜಾಗ ಮಾತ್ರ ಖಾಲಿ ಬಿಟ್ಟಿರುತ್ತೇವೆ.