ಕಂಠೀರವ ಖಾಲಿಯಿದ್ದರೆ ದಂಡನ್ನು ಬೈಯಬೇಡಿ

ಬೆಂಗಳೂರು ಎಫ್‌ಸಿ ತವರಿನಲ್ಲಿ ಆಡುವ ದಿನ ಕಂಠೀರವ ಕ್ರೀಡಾಂಗಣದಲ್ಲಿ ಖಾಲಿ ಕುರ್ಚಿಗಳು ಎದ್ದು ಕಾಣುತ್ತವೆ. ವೆಸ್ಟ್ ಬ್ಲಾಕ್‌ನಲ್ಲಿ ನೀಲಿ ಅಂಗಿಯ ಹುಡುಗರು ಈಗಲೂ ಗಂಟಲು ಹರಿಯುವಂತೆ ಕೂಗುತ್ತಾರೆ, ಡೋಲು ಬಡಿಯುತ್ತಾರೆ. ಅದರಾಚೆ ಕಣ್ಣು ಹಾಯಿಸಿದರೆ ಮದುವೆ ಮುಗಿದ ಮೇಲಿನ ಛತ್ರದ ಹಾಗಿರುತ್ತದೆ. ಎದುರಾಳಿ ಕೇರಳ ಬ್ಲಾಸ್ಟರ್ಸ್ ಆದರೆ ಮಾತ್ರ ಜಾತ್ರೆ. ಆದರೆ ಆ ಜಾತ್ರೆಯಲ್ಲಿ ಹಳದಿ ಅಂಗಿಯವರ ಪಾಲು ಎಷ್ಟು ಅಂತ ನೋಡಿದವರಿಗೆ ಗೊತ್ತು.

ಯಾಕೆ ಹೀಗೆ ಅಂತ ಕೇಳಿದರೆ ಮೂರು ಉತ್ತರ ಸಿದ್ಧವಾಗಿವೆ. ಒಂದು, ಬೆಂಗಳೂರು ಕ್ರಿಕೆಟ್ ಊರು. ಎರಡು, ಈ ಟ್ರಾಫಿಕ್‌ನಲ್ಲಿ ಯಾರು ಬರುತ್ತಾರೆ. ಮೂರು, ತಂಡ ಸೋಲುತ್ತಿದೆ. ನಾಲ್ಕನೆಯದೂ ಒಂದಿದೆ. ಅದನ್ನು ಯಾರೂ ಬರೆಯುವುದಿಲ್ಲ, ಟೀ ಅಂಗಡಿಯಲ್ಲಿ ಹೇಳುತ್ತಾರೆ: ‘ಫುಟ್‌ಬಾಲ್ ನಮ್ಮ ಕನ್ನಡದವರ ಆಟ ಅಲ್ಲ ಬಿಡ್ರಿ, ದಂಡಿನ ತಮಿಳರದ್ದು, ಶಿವಾಜಿನಗರದ ಸಾಬರದ್ದು.’

ನಾವು ಯಾರೂ ಬೆಂಗಳೂರಿನಲ್ಲಿ ಹುಟ್ಟಿದವರಲ್ಲ. ಕಬಡ್ಡಿ, ವಾಲಿಬಾಲ್ ಆಡುವ ಊರುಗಳಿಂದ ಬಂದು, ಟಿನ್ ಫ್ಯಾಕ್ಟರಿ ಬಳಿ ಬಸ್ಸಿಳಿದು, ಕೆ.ಆರ್. ಪುರದ ಪಿಜಿಗಳಲ್ಲಿದ್ದುಕೊಂಡು ಈ ನಗರ ಕಲಿತವರು. ಹೊರಗಿನವರಾಗಿ ನೋಡಿದ್ದಕ್ಕೋ ಏನೋ, ಈ ನಾಲ್ಕೂ ಉತ್ತರಗಳು ನಮಗೆ ಪೊಳ್ಳು ಅನ್ನಿಸುತ್ತವೆ. ಫುಟ್‌ಬಾಲ್ ಇರುವುದು ಒಂದು ಕಡೆ, ಕ್ಲಬ್ಬು ಜನರನ್ನು ಹುಡುಕುವುದು ಇನ್ನೊಂದು ಕಡೆ. ನಮ್ಮ ತಕರಾರು ಇಷ್ಟೇ.

ಮೊದಲು ಟ್ರಾಫಿಕ್ ವಿಚಾರ. ಬೆಂಗಳೂರು ಎಫ್‌ಸಿ ಕಂಠೀರವಕ್ಕೆ ಬಂದದ್ದು 2014ರಲ್ಲಿ. ಆಗ ಪೂರ್ವದಿಂದ ಬರುವ ಮೆಟ್ರೊ ಎಂ.ಜಿ. ರಸ್ತೆಗೇ ಮುಗಿಯುತ್ತಿತ್ತು. ಅಲ್ಲಿಂದ ನಡೆದೋ ಆಟೊ ಹಿಡಿದೋ ಜನ ಹೋದರು. 2023ರ ಅಕ್ಟೋಬರ್ 9ರಿಂದ ಕೆ.ಆರ್. ಪುರದಲ್ಲಿ ಹತ್ತಿದವರು ಇಂದಿರಾನಗರ, ಹಲಸೂರು ದಾಟಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯಬಹುದು. ದಾರಿ ಸಲೀಸಾದ ಮೇಲೆ ಜನ ಕಡಿಮೆಯಾದರು ಅಂದರೆ ದೋಷ ದಾರಿಯದಲ್ಲ. 2025ರ ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು, ಅದು ನಿಜ. ಅಪ್ಪ, ಅಮ್ಮ, ಇಬ್ಬರು ಮಕ್ಕಳ ಸಂಸಾರಕ್ಕೆ ಅದು ಹೊರೆಯೇ. ಆದರೆ ಕುರ್ಚಿ ಖಾಲಿಯಾಗಲು ಶುರುವಾದದ್ದು ದರ ಏರುವ ಎಷ್ಟೋ ಮುಂಚೆ.

ಸೋಲಿನ ವಿಚಾರಕ್ಕೆ ಬನ್ನಿ. 2023–24ರಲ್ಲಿ ತಂಡ ಹತ್ತನೇ ಸ್ಥಾನಕ್ಕೆ ಕುಸಿಯಿತು, ಒಪ್ಪೋಣ. ಮರುವರ್ಷವೇ ಫೈನಲ್ ತಲುಪಿ, ಕೋಲ್ಕತ್ತದಲ್ಲಿ ಮೋಹನ್ ಬಗಾನ್‌ಗೆ 2–1ರಿಂದ ಸೋತಿತು. ಫೈನಲ್ ತಲುಪಿದ ಆ ವರ್ಷವೂ ಕಂಠೀರವ ಹಳೆಯ ದಿನಗಳ ಹಾಗೆ ತುಂಬಲಿಲ್ಲ. ಗೆದ್ದಾಗ ಬಂದು ಸೋತಾಗ ಹೋಗುವ ಜನರನ್ನೇ ನಂಬಿದ ಕ್ಲಬ್ಬು ಯಾವ ದೇಶದಲ್ಲೂ ಉದ್ಧಾರವಾಗಿಲ್ಲ.

ಇನ್ನು ಆ ನಾಲ್ಕನೆಯ ಮಾತು. ಇದಕ್ಕೆ ಸ್ವಲ್ಪ ಸಿಟ್ಟಿನಿಂದಲೇ ಉತ್ತರ ಕೊಡಬೇಕು. ಬಾಂಬೆಯ ರೋವರ್ಸ್ ಕಪ್ಪನ್ನು ಬ್ರಿಟಿಷ್ ಪಡೆಗಳ ತಂಡಗಳು ಗೆದ್ದುಕೊಂಡು ಹೋಗುತ್ತಿದ್ದ ಕಾಲ. 1937ರಲ್ಲಿ ಅದನ್ನು ಕಿತ್ತುಕೊಂಡು ಬಂದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. ಮಾರನೇ ವರ್ಷವೂ ಅವರೇ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರಲ್ಲಿ ಬಹುಪಾಲು ಆಟಗಾರರು ಬರಿಗಾಲಲ್ಲಿ ಆಡಿದರಲ್ಲ, ಫ್ರಾನ್ಸ್ ವಿರುದ್ಧದ ಆ ಪಂದ್ಯದಲ್ಲಿ ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಅದೇ ತಂಡದಲ್ಲಿದ್ದ ಅಹಮದ್ ಖಾನ್ ಕೂಡ ಬೆಂಗಳೂರಿನವರೇ. ತೊಂಬತ್ತರ ದಶಕದಲ್ಲಿ ಭಾರತ ತಂಡದ ನಾಯಕರಾದ ಕಾರ್ಲ್‌ಟನ್ ಚಾಪ್‌ಮನ್ ಆಸ್ಟಿನ್ ಟೌನ್‌ನ ಹುಡುಗ. ಮೈಸೂರು ಹೆಸರಿನಲ್ಲಿ ಈ ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತು. 1968–69ರ ನಂತರ 54 ವರ್ಷ ಕಾದು, 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿ ಐದನೆಯ ಸಲ ಗೆದ್ದಿತು. ಇವರೆಲ್ಲ ಮನೆಯಲ್ಲಿ ತಮಿಳು, ದಖನಿ, ತೆಲುಗು, ಇಂಗ್ಲಿಷ್ ಯಾವುದೇ ಮಾತಾಡಿರಲಿ, ಎದೆ ಮೇಲೆ ಹಾಕಿಕೊಂಡದ್ದು ಈ ನಾಡಿನ ಹೆಸರನ್ನೇ. ಕಪ್ಪು ಬಂದಾಗ ‘ನಮ್ಮದು’, ಕುರ್ಚಿ ಖಾಲಿಯಾದಾಗ ‘ಅವರದ್ದು’ ಅನ್ನುವುದು ಯಾವ ನ್ಯಾಯ?

ಹಲಸೂರಿನ ಗೌತಮಪುರಕ್ಕೆ ಒಮ್ಮೆ ಹೋಗಿ ಬನ್ನಿ. ಹಳಬರ ಬಾಯಲ್ಲಿ ಅದು ಗನ್ ಟ್ರೂಪ್ಸ್. ಅಲ್ಲಿ ಒಂದೇ ಕಡೆ ನಾಲ್ಕು ಮೂರ್ತಿಗಳಿವೆ: ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಮತ್ತು ಪೆಲೆ. ಬ್ರೆಜಿಲ್‌ನ ಆಟಗಾರನನ್ನು ಬುದ್ಧನ ಪಕ್ಕ ನಿಲ್ಲಿಸಿದ ಕೇರಿಗೆ ಫುಟ್‌ಬಾಲ್ ಪ್ರೀತಿ ಇಲ್ಲ ಅನ್ನುತ್ತೀರಾ? ಆ ಕೇರಿಗೂ ಕಂಠೀರವಕ್ಕೂ ನಡುವೆ ಇರುವುದು ಕೆಲವೇ ಕಿಲೋಮೀಟರು. ಅಷ್ಟು ದೂರವನ್ನು ಯಾರು ದಾಟಬೇಕಿತ್ತು, ಕೇರಿಯೋ ಕ್ಲಬ್ಬೋ?

ನಮ್ಮ ಕಡೆ ಹಬ್ಬಕ್ಕೆ ನಡೆಯುವ ಕಬಡ್ಡಿ ಟೂರ್ನಮೆಂಟು ರಾತ್ರಿ 9ಕ್ಕೆ ಅಂದರೆ 11ಕ್ಕೆ ಶುರುವಾಗುತ್ತದೆ. ಫೈನಲ್ ಹೊತ್ತಿಗೆ ಕೋಳಿ ಕೂಗಿರುತ್ತದೆ. ಕೂರಲು ಕುರ್ಚಿಯಿಲ್ಲ, ಶೌಚಾಲಯವಿಲ್ಲ, ಮೈಕು ಅರ್ಧ ಹೊತ್ತು ಕಿರುಗುಟ್ಟುತ್ತಿರುತ್ತದೆ. ಆದರೂ ಜನ ಕದಲುವುದಿಲ್ಲ. ಯಾಕೆಂದರೆ ರೈಡಿಗೆ ಹೋಗುತ್ತಿರುವವನು ಬೆಳಿಗ್ಗೆ ಡೇರಿಯಲ್ಲಿ ಹಾಲು ಅಳೆಯುವ ಹುಡುಗ. ಅವನು ಔಟಾದರೆ ಮಾರನೇ ದಿನ ಹಾಲು ಹಾಕಲು ಹೋದಾಗ ರೇಗಿಸಬಹುದು.

ಬೆಂಗಳೂರಿನ ಪೂರ್ವ ಭಾಗದಲ್ಲಿ ಫುಟ್‌ಬಾಲಿಗೂ ಇಂಥದ್ದೇ ನಂಟಿತ್ತು. ದೂರವಾಣಿ ನಗರದ ಐಟಿಐ, ಹಳೇ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್, ಹಲಸೂರಿನ ಎಂಇಜಿ, ಎಲ್‌ಆರ್‌ಡಿಇ ಎಲ್ಲಕ್ಕೂ ತಂಡಗಳಿದ್ದವು. ಆಟ ಚೆನ್ನಾಗಿದ್ದವನಿಗೆ ಕಾರ್ಖಾನೆಯಲ್ಲಿ ನೌಕರಿ ಸಿಗುತ್ತಿತ್ತು. ಬೆಳಿಗ್ಗೆ ಲೇತ್ ಮುಂದೆ ನಿಂತವನು ಸಂಜೆ ಅಶೋಕನಗರದ ಮೈದಾನದಲ್ಲಿ ಆಡುತ್ತಿದ್ದ. ಅವನ ಶಿಫ್ಟಿನವರು ನೋಡಲು ಹೋಗುತ್ತಿದ್ದರು. ಎಚ್‌ಎಎಲ್ ತಂಡ 2010–11ರಲ್ಲಿ ಐ–ಲೀಗ್‌ವರೆಗೂ ಏರಿತು. ಆಮೇಲೆ ನೌಕರಿಯ ದಾರಿ ಕಿರಿದಾಯಿತು, ಕಾರ್ಖಾನೆ ತಂಡಗಳು ಸೊರಗಿದವು. ಕ್ರೀಡೆಗೆ ಪ್ರೇಕ್ಷಕರನ್ನು ತಯಾರಿಸುತ್ತಿದ್ದ ಯಂತ್ರವೇ ನಿಂತುಹೋಯಿತು.

ಬೆಂಗಳೂರು ಎಫ್‌ಸಿ ಹುಟ್ಟಿದ್ದು ಈ ಹೊತ್ತಿನಲ್ಲಿ. ಜೆಎಸ್‌ಡಬ್ಲ್ಯು ಕಂಪನಿ 2013ರಲ್ಲಿ ಕ್ಲಬ್ಬು ಕಟ್ಟಿ, ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲೇ ಆಟ ಶುರು ಮಾಡಿತು. ಮೊದಲ ಪಂದ್ಯ ಆ ವರ್ಷದ ಸೆಪ್ಟೆಂಬರ್ 22ರಂದು, ಮೋಹನ್ ಬಗಾನ್ ಜೊತೆ 1–1. ಆಸ್ಟಿನ್ ಟೌನ್‌ನಿಂದ ನಡೆದು ಬರುವಷ್ಟು ಹತ್ತಿರ. ಅಂಕಣದ ಗೆರೆಗೆ ಅಂಟಿಕೊಂಡಂತೆ ಜನ. ಮೊದಲ ವರ್ಷವೇ ಐ–ಲೀಗ್ ಗೆದ್ದರು. ಈ ಕ್ಲಬ್ಬಿಗೆ ಅಭಿಮಾನಿ ಬಳಗ ಹುಟ್ಟಿದ್ದು ಅಲ್ಲಿ.

ಮರುವರ್ಷ ಕಂಠೀರವಕ್ಕೆ ಹೋದರು. ಅಲ್ಲಿ ಜಾಗ ದೊಡ್ಡದು, ಆದರೆ ಅದು ಅಥ್ಲೆಟಿಕ್ಸ್ ಕ್ರೀಡಾಂಗಣ. ಪ್ರೇಕ್ಷಕನಿಗೂ ಚೆಂಡಿಗೂ ನಡುವೆ ಓಟದ ಟ್ರ್ಯಾಕು. ಟ್ರ್ಯಾಕಿದ್ದರೂ ಆಗ ತುಂಬಿತ್ತಲ್ಲ ಅಂತ ನೀವು ಕೇಳಬಹುದು. ಹೌದು, 2016ರ ಅಕ್ಟೋಬರ್ 19ರಂದು ಮಲೇಷ್ಯಾದ ಜೊಹೊರ್ ತಂಡವನ್ನು 3–1ರಿಂದ ಸೋಲಿಸಿ, ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆದದ್ದು ಅದೇ ಕಂಠೀರವದಲ್ಲಿ. ಆದರೆ ಅಲ್ಲಿಗೆ ಬಂದ ಜನ ಅಶೋಕನಗರದಲ್ಲಿ ಸಂಪಾದಿಸಿದ ಗಂಟು. ಆ ಗಂಟನ್ನು ಖರ್ಚು ಮಾಡಿದರು, ಹೊಸದಾಗಿ ಕೂಡಿಡಲಿಲ್ಲ.

ನಂತರ ಒಂದರ ಮೇಲೊಂದು ಪೆಟ್ಟು ಬಿತ್ತು. ಕಂಠೀರವ ಓಟಗಾರರದ್ದೋ ಫುಟ್‌ಬಾಲಿನದೋ ಎಂಬ ಜಗಳ ನ್ಯಾಯಾಲಯದ ಮೆಟ್ಟಿಲೇರಿತು. 2019ರಲ್ಲಿ ತವರು ಪಂದ್ಯಗಳನ್ನು ಪುಣೆಗೆ ಒಯ್ಯುವ ಘೋಷಣೆಯೇ ಆಯಿತು, ಕೊನೆ ಗಳಿಗೆಯಲ್ಲಿ ತಂಡ ಇಲ್ಲೇ ಉಳಿಯಿತು. ಓಟಗಾರರ ಸಿಟ್ಟಿನಲ್ಲಿ ತಪ್ಪಿಲ್ಲ. ಅವರ ಮೈದಾನ ಅವರು ಕೇಳಿದರು. ತಪ್ಪು ಇಷ್ಟು ದೊಡ್ಡ ನಗರಕ್ಕೆ ಒಂದು ಯೋಗ್ಯ ಫುಟ್‌ಬಾಲ್ ಅಂಗಣ ಕಟ್ಟಿಕೊಡದ ಸರ್ಕಾರಗಳದ್ದು, ಯಾವ ಪಕ್ಷದ್ದಾದರೂ ಸರಿ. ಆಮೇಲೆ ಕೋವಿಡ್. ಇಡೀ ಲೀಗ್ ಎರಡು ವರ್ಷ ಗೋವಾದಲ್ಲಿ ಬಾಗಿಲು ಮುಚ್ಚಿಕೊಂಡು ನಡೆಯಿತು. 2020ರ ಮಾರ್ಚ್‌ನಿಂದ 2022ರ ಅಕ್ಟೋಬರ್‌ವರೆಗೆ ಕಂಠೀರವದಲ್ಲಿ ಐಎಸ್‌ಎಲ್ ಪಂದ್ಯವೇ ಇಲ್ಲ. ಅಪ್ಪನ ಕೈಹಿಡಿದು ಬರುತ್ತಿದ್ದ ಹತ್ತು ವರ್ಷದ ಹುಡುಗ ಅಷ್ಟರಲ್ಲಿ ಹದಿಮೂರಕ್ಕೆ ಬಿದ್ದು ಮೊಬೈಲ್ ಹಿಡಿದಿದ್ದ.

ಮುರಿದ ಅಭ್ಯಾಸ ತಾನಾಗಿ ಕೂಡಿಕೊಳ್ಳುವುದಿಲ್ಲ. ಕಂಪನಿ ನಾಟಕದವರಿಗೆ ಈ ಮಾತು ಗೊತ್ತಿತ್ತು. ಊರಿಗೆ ಬಂದ ದಿನವೇ ಗಾಡಿ ಕಟ್ಟಿ, ತಮಟೆ ಬಡಿದು, ಓಣಿ ಓಣಿಯಲ್ಲಿ ಕರಪತ್ರ ಎಸೆದುಕೊಂಡು ಹೋಗುತ್ತಿದ್ದರು. ನಟ ಎಷ್ಟೇ ದೊಡ್ಡವನಾಗಿರಲಿ, ಕರೆಯದೆ ಜನ ಬರುತ್ತಾರೆ ಅಂತ ಯಾವ ಮಾಲೀಕನೂ ನಂಬಲಿಲ್ಲ. ಈಗಿನ ಕರೆ ಇನ್‌ಸ್ಟಾಗ್ರಾಂನಲ್ಲಿ ಬರುತ್ತದೆ, ಅದೂ ಈಗಾಗಲೇ ಕ್ಲಬ್ಬನ್ನು ಫಾಲೋ ಮಾಡುವವರಿಗೆ. ಗೌತಮಪುರದ ಓಣಿಗೆ, ಶಿವಾಜಿನಗರದ ಬಸ್ ನಿಲ್ದಾಣಕ್ಕೆ, ಟಿನ್ ಫ್ಯಾಕ್ಟರಿಯ ಗದ್ದಲಕ್ಕೆ ಬರುವ ತಮಟೆ ಎಲ್ಲಿ?

ಆರ್‌ಸಿಬಿಯಲ್ಲಿ ಎಷ್ಟು ಜನ ಲೋಕಲ್ ಹುಡುಗರಿದ್ದಾರೆ, ಆದರೂ ಚಿನ್ನಸ್ವಾಮಿ ತುಂಬುವುದಿಲ್ಲವೇ ಅಂತ ಕೆಲವರು ವಾದಿಸುತ್ತಾರೆ. ತುಂಬುತ್ತದೆ. ಐಪಿಎಲ್‌ನಲ್ಲಿ ಒಂದು ತಂಡಕ್ಕೆ ತವರಿನಲ್ಲಿ ಏಳು ಪಂದ್ಯ, ವರ್ಷಕ್ಕೊಮ್ಮೆ ಬರುವ ಹಬ್ಬದ ಹಾಗೆ. ಫುಟ್‌ಬಾಲ್ ಹಬ್ಬದ ಆಟವಲ್ಲ, ವಾರದ ಸಂತೆ. 2024–25ರಲ್ಲಿ ಲೀಗಿನ ತವರು ಪಂದ್ಯಗಳೇ 12. ಬುಧವಾರವೋ ಗುರುವಾರವೋ ರಾತ್ರಿ ಏಳೂವರೆಗೆ ತಾರೆಯರ ಮೇಲಿನ ಮೋಹಕ್ಕಷ್ಟೇ ಯಾರೂ ಬರುವುದಿಲ್ಲ. ಬರುವವನು ‘ನಮ್ಮ ಹುಡುಗ ಆಡ್ತಿದ್ದಾನೆ’ ಅಂತ ಬರುತ್ತಾನೆ. ಸುನಿಲ್ ಚೆಟ್ರಿಯನ್ನು ಈ ಊರು ತನ್ನವನನ್ನಾಗಿ ಮಾಡಿಕೊಂಡಿತು, ಅದು ದೊಡ್ಡ ಮಾತು. ಆದರೆ ಒಬ್ಬ ಚೆಟ್ರಿಯ ಹೆಗಲ ಮೇಲೆ ಎಷ್ಟು ವರ್ಷ? 2024ರ ಸೆಪ್ಟೆಂಬರ್ 14ರಂದು ಈಸ್ಟ್ ಬೆಂಗಾಲ್ ವಿರುದ್ಧ ಗೆಲುವಿನ ಗೋಲು ಹೊಡೆದದ್ದು ಬೆಂಗಳೂರಿನ ಹುಡುಗ ವಿನಿತ್ ವೆಂಕಟೇಶ್. ಅಂಥ ಹುಡುಗನ ಫೋಟೋ ಮರ್ಫಿ ಟೌನ್‌ನ ಗೋಡೆ ಮೇಲೆ, ಆಸ್ಟಿನ್ ಟೌನ್‌ನ ಮೈದಾನದ ಮುಂದೆ ಇರಬೇಕು.

2025ರಲ್ಲಿ ನಡೆದದ್ದಂತೂ ಅಭಿಮಾನಿಗೆ ಮಾಡಿದ ಅವಮಾನ. ಫುಟ್‌ಬಾಲ್ ಫೆಡರೇಷನ್ ಮತ್ತು ಲೀಗ್ ನಡೆಸುವ ಕಂಪನಿಯ ಒಪ್ಪಂದ ಡಿಸೆಂಬರ್‌ಗೆ ಮುಗಿಯುವುದಿತ್ತು. ಹೊಸದು ಆಗಲಿಲ್ಲ ಅಂತ ಜುಲೈನಲ್ಲೇ ಲೀಗಿಗೆ ತಡೆ ಬಿತ್ತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿತು. ಆ ವರ್ಷ ಮುಗಿಯುವವರೆಗೂ ಲೀಗ್ ಶುರುವೇ ಆಗಲಿಲ್ಲ. ಆಟ ನಡೆಯುತ್ತದೋ ಇಲ್ಲವೋ ಗೊತ್ತಿಲ್ಲದ ಅಂಗಳಕ್ಕೆ ಜನ ಬರಲಿಲ್ಲ ಅಂತ ದೂರುವ ಹಕ್ಕು ಯಾರಿಗಿದೆ?

ನಾವು ಕೇಳುವುದು ದೊಡ್ಡದೇನಲ್ಲ. ಕ್ಲಬ್ಬಿನ ಎರಡನೇ ತಂಡ ಈ ಹಿಂದೆ ಬೆಂಗಳೂರು ಸೂಪರ್ ಡಿವಿಷನ್ ಲೀಗ್ ಆಡಿದೆ, ಗೆದ್ದಿದೆ ಕೂಡ. ಆ ತಂಡದ, ಕಿರಿಯರ ತಂಡಗಳ ಪಂದ್ಯಗಳನ್ನು ಅಶೋಕನಗರದಲ್ಲಿ, ಕೇರಿಗಳ ಮೈದಾನಗಳಲ್ಲಿ, ಬಾಗಿಲು ತೆರೆದಿಟ್ಟು ಆಡಿಸಿ. ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್, ಶಿವಾಜಿನಗರದ ಪುಟ್ಟ ಕ್ಲಬ್ಬುಗಳ ಮಕ್ಕಳಿಗೆ ಕಂಠೀರವದ ಒಂದು ಸ್ಟ್ಯಾಂಡನ್ನೇ ಬಿಟ್ಟುಕೊಡಿ. ಹೇಗೂ ಖಾಲಿಯೇ ಇದೆ. ಮಕ್ಕಳು ಬಂದರೆ ಹಿಂದೆ ಅಪ್ಪ ಅಮ್ಮ ಬರುತ್ತಾರೆ. ಕನ್ನಡದಲ್ಲಿ, ತಮಿಳಿನಲ್ಲಿ, ಉರ್ದುವಿನಲ್ಲಿ ಪೋಸ್ಟರ್ ಅಂಟಿಸಿ. ಪಂದ್ಯಗಳ ಪೂರ್ತಿ ಪಟ್ಟಿಯನ್ನು ಲೀಗ್ ಮೊದಲೇ ಕೊಡಲಿ. ಸರ್ಕಾರ ಅಶೋಕನಗರದ ಸ್ಟೇಡಿಯಂ ದೊಡ್ಡದು ಮಾಡಲಿ, ಇಲ್ಲವೇ ಪೂರ್ವದ ಕಡೆ ಹೊಸದು ಕಟ್ಟಲಿ. ಕಂಠೀರವವನ್ನು ಓಟಗಾರರಿಗೆ ಮರಳಿಸಲಿ.

ಇದಿಷ್ಟೂ ಮಾಡಿದ ಮೇಲೂ ಕುರ್ಚಿ ಖಾಲಿ ಉಳಿದರೆ ಆಗ ಬೆಂಗಳೂರಿಗೆ ಫುಟ್‌ಬಾಲ್ ಬೇಡ ಅಂತ ಬರೆಯಿರಿ. ಅಲ್ಲಿಯವರೆಗೆ ಪೆಲೆಗೆ ಮೂರ್ತಿ ನಿಲ್ಲಿಸಿದ ಜನಕ್ಕೆ ಆಟದ ಮೇಲೆ ಪ್ರೀತಿ ಇಲ್ಲ ಅನ್ನುವ ಮಾತು ಬೇಡ.